ಮುದ್ರೆಯೊತ್ತಿದ ಭಂಡಾರದಿಂದ ಮುದ್ದತು ಠೇವಣಿಗೆ: ಸಂಡೂರು ಸೀಮೆಯ ಮೀಸಲು ಹಣದ ಚರಿತ್ರೆ

ಮರಿಯಮ್ಮನಹಳ್ಳಿಯಿಂದ ಹೊಸಪೇಟೆಯ ಕಡೆಗೆ ಸಾಗುವ ಹೆದ್ದಾರಿಗೆ ಹತ್ತಿರದ ವ್ಯಾಸನಕೆರೆಯಲ್ಲಿ ಮ್ಯಾಂಗನೀಸ್ ಕರಗಿಸುವ ಕುಲುಮೆಗಳಿವೆ, ಅದರ ಪೂರ್ವಕ್ಕೆ ಸಂಡೂರಿನ ಗುಡ್ಡಸಾಲಿನಲ್ಲಿ ಅವುಗಳಿಗೆ ಅದಿರು ಒದಗಿಸುವ ಗಣಿಗಳಿವೆ. ಈ ಸೀಮೆಯ ಆರ್ಥಿಕ ಚರಿತ್ರೆಯೆಂದರೆ ಅಗೆದ ಅದಿರಿನ ಟನ್ನುಗಳ ಲೆಕ್ಕವೆಂದೇ ಭಾವಿಸುವುದು ರೂಢಿ. ಆದರೆ ಆ ಅದಿರಿನಿಂದ ಬಂದ ಹಣ ಎಲ್ಲಿ ಕೂಡಿತು, ಯಾರ ಕೀಲಿಯಲ್ಲಿತ್ತು, ಯಾವ ಕಾರಣಕ್ಕೆ ಹೊರಬಂತು ಎಂಬುದೂ ಅಷ್ಟೇ ಮುಖ್ಯವಾದ ಚರಿತ್ರೆ. ದಿನದ ಖರ್ಚು, ಸಾಲ, ತೆರಿಗೆಗಳೆಲ್ಲ ಕಳೆದ ಮೇಲೂ ಉಳಿದು, ಬೇಕೆಂದಾಗ ಕೈಗೆ ಸಿಗುವಂತೆ ಇಟ್ಟ ಹಣವನ್ನು ನಗದು ಮೀಸಲು ಎನ್ನುತ್ತಾರೆ. ಅದನ್ನು ಕೂಡಿಡುವ ಪದ್ಧತಿ ಇಲ್ಲಿಗೆ ಕಂಪನಿಗಳೊಡನೆ ಬಂದದ್ದಲ್ಲ.

1443ರಲ್ಲಿ ಈ ಸೀಮೆಯ ಪಕ್ಕದಲ್ಲೇ ಇದ್ದ ರಾಜಧಾನಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್, ಅರಮನೆಯ ಕೋಣೆಗಳಲ್ಲಿ ಗುಂಡಿಗಳನ್ನು ತೋಡಿ ಅವುಗಳೊಳಗೆ ಕರಗಿಸಿದ ಚಿನ್ನವನ್ನು ಹೊಯ್ದು ಗಟ್ಟಿಯಾಗಿಸಿದ್ದರೆಂದೂ, ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ ಕೊಡುತ್ತಿದ್ದರೆಂದೂ ಬರೆದಿದ್ದಾನೆ. ಗುಂಡಿಯ ಚಿನ್ನ ದೂರದ ಆಪತ್ತಿಗೆ, ಟಂಕಸಾಲೆಯ ವರಹ ಮತ್ತು ಪಣಗಳು ಚಲಾವಣೆಗೆ ಎಂಬ ವಿಂಗಡಣೆಯನ್ನು ಇಲ್ಲಿ ಊಹಿಸಬಹುದು. ಇಂದಿನ ಕಂಪನಿಯ ಹಣಕಾಸು ವಿಭಾಗವೂ ತಕ್ಷಣ ಬೇಕಾಗುವ ಹಣವನ್ನು ಚಾಲ್ತಿ ಖಾತೆಯಲ್ಲಿಯೂ ಉಳಿದದ್ದನ್ನು ದೀರ್ಘಾವಧಿಯ ಹೂಡಿಕೆಯಲ್ಲಿಯೂ ಇಡುತ್ತದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಹೇಳುವ ಪದ್ಧತಿ ಇನ್ನೂ ಕುತೂಹಲಕರವಾದುದು. ಒಬ್ಬ ಅರಸ ತೀರಿಕೊಂಡೊಡನೆ ಅವನ ಭಂಡಾರಕ್ಕೆ ಬೀಗ ಜಡಿದು ಮುದ್ರೆಯೊತ್ತುತ್ತಿದ್ದರು. ಮುಂದೆ ಪಟ್ಟಕ್ಕೆ ಬಂದವನು ಅದನ್ನು ತೆರೆಯುವಂತಿರಲಿಲ್ಲ, ಒಳಗೇನಿದೆಯೆಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ, ರಾಜ್ಯಕ್ಕೆ ದೊಡ್ಡ ಸಂಕಟ ಬಂದಾಗ ಮಾತ್ರ ಬೀಗ ತೆಗೆಯುತ್ತಿದ್ದರು. ಕೃಷ್ಣದೇವರಾಯ ತನ್ನ ಭಂಡಾರವನ್ನು ಹಿಂದಿನವರದಕ್ಕಿಂತ ಬೇರೆಯಾಗಿ ಏರ್ಪಡಿಸಿ, ವರ್ಷಕ್ಕೆ ಒಂದು ಕೋಟಿ ಪರ್ದಾವ್, ಅಂದರೆ ಪೋರ್ಚುಗೀಸರು ಆ ಹೆಸರಿನಿಂದ ಕರೆಯುತ್ತಿದ್ದ ವರಹಗಳನ್ನು, ಅದರಲ್ಲಿ ಇಡುತ್ತಿದ್ದನಂತೆ. ಅಂಕಿಯಲ್ಲಿ ಉತ್ಪ್ರೇಕ್ಷೆ ಇರಬಹುದಾದರೂ, ಒಡೆಯನ ಕೈಯನ್ನೇ ಕಟ್ಟುವ ನಿಯಮವೊಂದು ಆಗ ಇತ್ತೆಂಬುದು ಗಮನಾರ್ಹ.

ಹಾಗೆಂದು ಹಣವೆಲ್ಲವೂ ಬೀಗದೊಳಗೇ ಉಳಿಯಲಿಲ್ಲ. ಇಂದಿನ ಹೊಸಪೇಟೆಯಾದ ನಾಗಲಾಪುರದ ಬಳಿ ಎರಡು ಗುಡ್ಡಗಳ ನಡುವೆ ರಾಯ ಕಟ್ಟಿಸುತ್ತಿದ್ದ ಕೆರೆಯ ಏರಿಯ ಮೇಲೆ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದುದನ್ನು ಪಾಯಸ್ ಕಣ್ಣಾರೆ ಕಂಡಿದ್ದಾನೆ. ಏರಿ ಎರಡು ಮೂರು ಸಲ ಒಡೆದರೂ ಕೆಲಸ ನಿಲ್ಲಲಿಲ್ಲ. ಅವನ ನಂತರ ಬಂದ ನೂನಿಜ್, ಈ ಕಾಮಗಾರಿಗೆ ಪೋರ್ಚುಗೀಸ್ ಶಿಲ್ಪಿಯೊಬ್ಬ ನೆರವಾದುದನ್ನೂ, ಕೆರೆಯ ಕೆಳಗಿನ ನೆಲವನ್ನು ಹಸನು ಮಾಡುವವರಿಗೆ ಒಂಬತ್ತು ವರ್ಷ ಕಂದಾಯ ಬಿಟ್ಟುದನ್ನೂ, ಮುಂದೆ ಅದರಿಂದ 20,000 ಪರ್ದಾವ್ ಆದಾಯ ಬರತೊಡಗಿದುದನ್ನೂ ದಾಖಲಿಸುತ್ತಾನೆ. ಒಂಬತ್ತು ವರ್ಷ ಫಲಕ್ಕಾಗಿ ಕಾಯುವ ಧೈರ್ಯ ತುಂಬಿದ ಬೊಕ್ಕಸ ಬೆನ್ನಿಗಿದ್ದವನಿಗೆ ಮಾತ್ರ ಸಾಧ್ಯ. ವಿಜಯನಗರದ ಮೀಸಲು ಹಣದ ಅತ್ಯುತ್ತಮ ಬಳಕೆ ಇದೇ ಎನ್ನಬೇಕು. 1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ರಾಜಮನೆತನದ ತಿರುಮಲರಾಯ ಐನೂರೈವತ್ತು ಆನೆಗಳ ಮೇಲೆ ಭಂಡಾರವನ್ನು ಹೇರಿಸಿಕೊಂಡು ಪೆನುಗೊಂಡೆಗೆ ಹೋದನೆಂದು ಹೇಳಲಾಗುತ್ತದೆ. ಹೊತ್ತೊಯ್ಯಬಹುದಾದ ಸಂಪತ್ತು ಹೋಯಿತು, ಕಾಲುವೆಗಳ ನೀರು ಉಳಿಯಿತು. ಆ ಕಾಲದ ತುರುತ್ತ ಮತ್ತು ಬಸವಣ್ಣ ಕಾಲುವೆಗಳು ಇಂದಿಗೂ ಹೊಸಪೇಟೆ ಸೀಮೆಯ ಗದ್ದೆ ತೋಟಗಳಿಗೆ ನೀರುಣಿಸುತ್ತಿವೆ.

ಕಂಪನಿಗಳ ಕಾಲಕ್ಕೆ ಬಂದರೆ, 1958ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಂಡಿಸಿ, ಸಂಡೂರು ತಾಲ್ಲೂಕಿನ ದೋಣಿಮಲೆಯಲ್ಲಿ 1977ರಿಂದ ಅದಿರು ತೆಗೆಯುತ್ತಿದೆ. ನಿಗಮದ ದೊಡ್ಡ ಗಣಿಗಳು ಛತ್ತೀಸ್‌ಗಢದ ಬೈಲಾಡಿಲಾದಲ್ಲಿವೆ. ಬಯಲು ಗಣಿಗಾರಿಕೆಯಲ್ಲಿ ಅದಿರು ತೆಗೆಯುವ ವೆಚ್ಚ ಕಡಿಮೆ, ನಿಗಮಕ್ಕೆ ಹೇಳಿಕೊಳ್ಳುವಂಥ ಸಾಲವಿರಲಿಲ್ಲ, ಜೊತೆಗೆ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಹೀಗಾಗಿ 2012ರ ಹೊತ್ತಿಗೆ ಅದರ ಕೈಯಲ್ಲಿ ಸುಮಾರು 20,000 ಕೋಟಿ ರೂಪಾಯಿ ನಗದು ಕೂಡಿತ್ತು. ಬೆಲೆ ಒಂದೇ ವರ್ಷದಲ್ಲಿ ಅರ್ಧಕ್ಕಿಳಿಯಬಹುದಾದ, ನ್ಯಾಯಾಲಯದ ಒಂದು ಆದೇಶದಿಂದ ಗಣಿಯೇ ನಿಲ್ಲಬಹುದಾದ ಈ ಉದ್ಯಮದಲ್ಲಿ ಮೀಸಲು ಅನಿವಾರ್ಯ. ಗುತ್ತಿಗೆ ನವೀಕರಣದ ವಿವಾದದಿಂದ 2018ರ ನವೆಂಬರಿನಲ್ಲಿ ನಿಂತ ದೋಣಿಮಲೆಯ ಗಣಿ ಮತ್ತೆ ಆರಂಭವಾದದ್ದು 2021ರಲ್ಲಿ.

ಇಂಥ ಹಣವನ್ನು ಎಲ್ಲಿ ಇಡಬೇಕೆಂಬುದಕ್ಕೂ ಚರಿತ್ರೆಯಿದೆ. ಸಾರ್ವಜನಿಕ ಉದ್ದಿಮೆಗಳು ಹೆಚ್ಚಿನ ಬಡ್ಡಿಯ ಆಸೆಗೆ ಬ್ಯಾಂಕುಗಳಿಗೆ ಒಪ್ಪಿಸಿದ ಹಣ ದಲ್ಲಾಳಿಗಳ ಕೈಸೇರಿತ್ತೆಂಬುದು 1992ರ ಷೇರುಪೇಟೆ ಹಗರಣದಲ್ಲಿ ಬಯಲಾಯಿತು. ಆ ಬಳಿಕ ಬಂದ ಮಾರ್ಗಸೂಚಿ ಸಟ್ಟಾ ವ್ಯವಹಾರವನ್ನು ನಿಷೇಧಿಸಿ, ಮುದ್ದತು ಠೇವಣಿ, ಸರ್ಕಾರ ಅಲ್ಪಾವಧಿ ಸಾಲಕ್ಕಾಗಿ ಹೊರಡಿಸುವ ಖಜಾನೆ ಹುಂಡಿ ಮುಂತಾದ ಭದ್ರ ಸಾಧನಗಳಲ್ಲಿ ಮಾತ್ರ ಹಣ ಇಡುವಂತೆ ಕಟ್ಟುಮಾಡಿತು. 2016ರ ಮೇ ತಿಂಗಳ ಮತ್ತೊಂದು ಮಾರ್ಗಸೂಚಿ ಇದಕ್ಕೆ ವಿರುದ್ಧ ದಿಕ್ಕಿನದು. ಅದರಂತೆ ನಿವ್ವಳ ಮೌಲ್ಯ 2,000 ಕೋಟಿಗೂ ನಗದು 1,000 ಕೋಟಿಗೂ ಮೀರಿದ ಕೇಂದ್ರೋದ್ಯಮಗಳು ಷೇರು ಮರುಖರೀದಿ ಮಾಡಬೇಕಾಯಿತು, ಅಂದರೆ ಷೇರುದಾರರಿಂದ ತಮ್ಮ ಷೇರುಗಳನ್ನು ತಾವೇ ಕೊಂಡು ಹಣ ಹಿಂದಿರುಗಿಸಬೇಕಾಯಿತು. ಅದೇ ವರ್ಷ ಎನ್‌ಎಂಡಿಸಿ ಹೀಗೆ ಸುಮಾರು 7,500 ಕೋಟಿ ರೂಪಾಯಿ ವಿನಿಯೋಗಿಸಿತು. ಅದರಲ್ಲಿ ಬಹುಪಾಲು ದೊಡ್ಡ ಷೇರುದಾರನಾದ ಕೇಂದ್ರ ಸರ್ಕಾರಕ್ಕೇ ಹೋಯಿತು. ಇನ್ನೊಂದು ದೊಡ್ಡ ಪಾಲು ಛತ್ತೀಸ್‌ಗಢದ ನಗರ್‌ನಾರ್ ಉಕ್ಕು ಕಾರ್ಖಾನೆಗೆ ಸಂದಿತು. ವ್ಯಾಸನಕೆರೆಯ ಕುಲುಮೆಗಳ ಒಡೆತನದ, 1954ರಲ್ಲಿ ಆರಂಭವಾದ ಸಂಡೂರು ಮ್ಯಾಂಗನೀಸ್ ಕಂಪನಿಯೂ 2024ರಲ್ಲಿ ಆಂಧ್ರದ ತಾಡಿಪತ್ರಿಯಲ್ಲಿ ಕಾರ್ಖಾನೆಯುಳ್ಳ ಅರ್ಜಾಸ್ ಸ್ಟೀಲನ್ನು ಕೊಂಡುಕೊಂಡಿತು. ಹೂಡಿಕೆಯಾಗಿ ಇವು ತಪ್ಪಲ್ಲ. ಆದರೆ ನಾಗಲಾಪುರದ ಕೆರೆಯ ಹಾಗೆ ಇವುಗಳ ಫಲ ಈ ನೆಲಕ್ಕೇ ಮರಳುವುದಿಲ್ಲ.

ಈ ನೆಲಕ್ಕೆಂದೇ ಕೂಡಿದ ಹಣ ಬೇರೆಯಿದೆ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದ ಸುಪ್ರೀಂ ಕೋರ್ಟ್, ಅದಿರಿನ ಹರಾಜಿನ ಹಣದಲ್ಲಿ ಒಂದು ಪಾಲನ್ನು ಹಾನಿಗೊಂಡ ಪ್ರದೇಶದ ಪುನಶ್ಚೇತನಕ್ಕೆ ಎತ್ತಿಡಿಸಿತು, ಮತ್ತು ಅದನ್ನು ಬಳಸಲು ರಾಜ್ಯ ಸರ್ಕಾರ 2014ರಲ್ಲಿ ಒಂದು ನಿಗಮವನ್ನು ರಚಿಸಿತು. ಯೋಜನೆಗೆ ಒಪ್ಪಿಗೆ ದೊರೆಯದೆ ಆ ಹಣ ವರ್ಷಗಟ್ಟಲೆ ಠೇವಣಿಯಾಗಿ ಬಡ್ಡಿ ಬೆಳೆಸುತ್ತ ಉಳಿಯಿತು. ಬೀಗ ಬಲವಾಗಿದ್ದುದರಿಂದ ಹಣ ಪೋಲಾಗಲಿಲ್ಲವೆಂಬುದು ನಿಜ. ಕೆಂಪು ದೂಳಿನಲ್ಲಿ ಬೆಳೆ ಬೆಳೆದವರಿಗೆ ಆ ವರ್ಷಗಳು ಹಿಂತಿರುಗಿ ಬರುವುದಿಲ್ಲವೆಂಬುದೂ ಅಷ್ಟೇ ನಿಜ. 2022ರ ಏಪ್ರಿಲ್ 21ರಂದು ನ್ಯಾಯಾಲಯ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ ದಾರಿ ಮಾಡಿಕೊಟ್ಟು, ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ರಸ್ತೆಗಳಿಗೆ ಅದು ಸಲ್ಲುವುದನ್ನು ನೋಡಿಕೊಳ್ಳಲು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು.