ಹಳೆಯ ರ‍್ಯಾಚೆಟ್ ಸ್ಪ್ಯಾನರುಗಳ ಕಾಲನಿರ್ಣಯ

ಧರ್ಮಪುರಿಯ ನೊಳಂಬರ ಶಾಸನಗಳಂತಹವುಗಳಲ್ಲಿ ಶಕವರ್ಷವು ಸವೆದುಹೋಗಿದ್ದರೆ, ವಿದ್ವಾಂಸರು ಅಕ್ಷರದ ಆಕಾರವನ್ನೂ ಭಾಷೆಯ ರೂಪವನ್ನೂ ನೋಡಿ ಕಾಲವನ್ನು ನಿಶ್ಚಯಿಸುವರು. ಈ ರೀತಿಯನ್ನು ಒಂದು ಕಬ್ಬಿಣದ ಸ್ಪ್ಯಾನರಿಗೂ ಅನ್ವಯಿಸಬಹುದೆಂದರೆ ಕೆಲವರಿಗೆ ನಗು ಬಂದೀತು. ಆದರೆ ಸೇಲಂ, ಧರ್ಮಪುರಿ, ಹೊಸೂರುಗಳ ಗುಜರಿ ಅಂಗಡಿಗಳಲ್ಲಿ ತೂಕಕ್ಕೆ ಮಾರುವ ಹಳೆಯ ಉಪಕರಣಗಳ ರಾಶಿಯೂ ಒಂದು ದಫ್ತರವೇ ಸರಿ. ತಳಿ, ಡೆಂಕಣಿಕೋಟೆಯ ಕಡೆಯ ಹುಡುಗರು ಶಾಲೆ ಬಿಟ್ಟು ಹೊಸೂರಿನ ವರ್ಕ್‌ಷಾಪುಗಳನ್ನು ಸೇರುವುದುಂಟು. (ಈ ಊರುಗಳು 1965ರವರೆಗೆ ಸೇಲಂ ಜಿಲ್ಲೆಯಲ್ಲಿದ್ದು, ಬಳಿಕ ಧರ್ಮಪುರಿಗೆ ಸೇರಿ, 2004ರಿಂದ ಕೃಷ್ಣಗಿರಿಯವಾಗಿವೆ, ಊರು ಕದಲದಿದ್ದರೂ ಜಿಲ್ಲೆ ಕದಲಿತು.) ಹೊಸದನ್ನು ಕೊಳ್ಳಲು ಹಣವಿಲ್ಲದ ಹುಡುಗನು ಗುಜರಿ ಅಂಗಡಿಗೇ ಹೋಗುವನು. ಅಲ್ಲಿ ಮೋಸಹೋದರೆ ನಷ್ಟವಾಗುವುದು ಹಣವೊಂದೇ ಅಲ್ಲ. ಭಾರ ಬಿದ್ದಾಗ ಹಲ್ಲು ಜಾರುವ ರ‍್ಯಾಚೆಟ್ಟು ಬೆರಳಿನ ಗಿಣ್ಣನ್ನು ಎಂಜಿನ್ನಿಗೆ ಅಪ್ಪಳಿಸುತ್ತದೆ.

ರ‍್ಯಾಚೆಟ್ಟಿನ ತಲೆಯೊಳಗೆ ಒಂದು ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಳ್ಳುವ ಒಂದು ನಾಲಗೆ, ನಾಲಗೆಯನ್ನು ಒತ್ತಿಹಿಡಿಯುವ ಒಂದು ಸ್ಪ್ರಿಂಗು, ಇಷ್ಟೇ ಇರುವುವು. ಗೋಡೆಗಡಿಯಾರಕ್ಕೆ ಕೀಲಿ ಕೊಡುವಾಗ ಕೇಳುವ ಕಟಕಟ ಸದ್ದು ಇಂತಹ ನಾಲಗೆಯದೇ. ಅಮೆರಿಕದ ವರ್ಮಾಂಟ್ ಪ್ರಾಂತದ ಜೆ. ಜೆ. ರಿಚರ್ಡ್‌ಸನ್ನನು ಸಾಕೆಟ್ಟು ತೊಡಿಸುವ ರ‍್ಯಾಚೆಟ್ಟಿಗೆ 1863ರಲ್ಲಿ ಪೇಟೆಂಟು ಪಡೆದನು. 1920ರಲ್ಲಿ ಆರಂಭವಾದ ಸ್ನ್ಯಾಪ್‌ಆನ್ ಕಂಪನಿಯು ಐದು ಹಿಡಿಗಳನ್ನೂ ಹತ್ತು ಸಾಕೆಟ್ಟುಗಳನ್ನೂ ಅದಲುಬದಲಾಗಿ ಜೋಡಿಸಿ ಐವತ್ತು ಸ್ಪ್ಯಾನರುಗಳ ಕೆಲಸ ಮಾಡಿಸಬಹುದೆಂದು ತೋರಿಸಿತು. ಅಲ್ಲಿಂದ ಮುಂದೆ ಹಿಡಿಯ ಚರಿತ್ರೆ ಬೇರೆ, ಸಾಕೆಟ್ಟಿನ ಚರಿತ್ರೆ ಬೇರೆ. ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿದವೆಂದು ಎರಡಕ್ಕೂ ಒಂದೇ ಜಾತಕ ಬರೆಯಲಾಗದು.

ಮುದ್ರೆಗಳಿಂದ ತಿಳಿಯುವುದು ಬಹುಮಟ್ಟಿಗೆ ‘ಇದಕ್ಕಿಂತ ಹಿಂದಿನದಲ್ಲ’ ಎಂಬಷ್ಟೇ. ಪೇಟೆಂಟಿನ ಸಂಖ್ಯೆಯಿದ್ದರೆ ಆ ಪೇಟೆಂಟಿನ ವರ್ಷಕ್ಕಿಂತ ಅದು ಹಳೆಯದಾಗಲಾರದು. ಆದರೆ ಎಷ್ಟು ವರ್ಷ ಈಚಿನದಾದರೂ ಆಗಬಹುದು. ‘ಪಶ್ಚಿಮ ಜರ್ಮನಿ’ ಎಂಬ ಮುದ್ರೆಯು ಇದಕ್ಕಿಂತ ಉಪಕಾರಿ. ಆ ಹೆಸರಿನ ರಾಜ್ಯವಿದ್ದುದು 1949ರಿಂದ 1990ರವರೆಗೆ ಮಾತ್ರವಾದುದರಿಂದ ಕಾಲದ ಎರಡು ತುದಿಗಳೂ ಸಿಕ್ಕುವುವು. ತಲೆಯ ಹಿಂಬದಿಯಲ್ಲಿ ಗುಂಡಿಯೊತ್ತಿ ಒಂದೇ ಕೈಯಿಂದ ಸಾಕೆಟ್ಟನ್ನು ಕಳಚುವ ಏರ್ಪಾಡು ಸಿಯರ್ಸ್ ಅಂಗಡಿಯ ತರುಣ ನೌಕರ ಪೀಟರ್ ರಾಬರ್ಟ್ಸನದು; ಪೇಟೆಂಟು ದೊರೆತುದು 1965ರಲ್ಲಿ. ಅವನಿಗೆ ಸಂದುದು 10,000 ಡಾಲರು. ಉಳಿದುದಕ್ಕಾಗಿ ಅವನು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ಹೋರಾಡಬೇಕಾಯಿತು.

ಹುಡುಗರನ್ನು ಹೆಚ್ಚಾಗಿ ದಾರಿತಪ್ಪಿಸುವುದು ಅಳತೆಯ ಅಂಕಿ. ½ ಎಂಬ ಅಂಕಿಯ ಪಕ್ಕದಲ್ಲಿ ‘ಡಬ್ಲ್ಯು’ ಅಕ್ಷರವಿದ್ದರೆ ಅದು 1841ರಲ್ಲಿ ಜೋಸೆಫ್ ವಿಟ್ವರ್ತನು ಸೂಚಿಸಿದ ಪದ್ಧತಿಗೆ ಸೇರಿದ್ದು. ಆ ಅರ್ಧ ಅಂಗುಲವು ಬೋಲ್ಟಿನ ಕಾಂಡದ ದಪ್ಪವೇ ಹೊರತು ನಟ್ಟಿನ ಅಗಲವಲ್ಲ. ಹಳೆಯ ಸಾಕೆಟ್ಟಿನ ಬಾಯನ್ನು ಅಳೆದರೆ 0.92 ಅಂಗುಲ ಬರುವುದು! ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು ಈ ನಟ್ಟುಗಳನ್ನು ಒಂದು ಮೆಟ್ಟಿಲು ಚಿಕ್ಕದು ಮಾಡಿದರು. 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಗಳು ಏಕರೂಪದ ಮರೆಯನ್ನು ಒಪ್ಪಿಕೊಂಡ ಮೇಲೆ ಬ್ರಿಟಿಷ್ ಉಪಕರಣಗಳಲ್ಲಿ ‘ಎ.ಎಫ್.’ ಎಂಬ ಮುದ್ರೆ ಹಬ್ಬಿತು. ಇಲ್ಲಿ ಅಂಕಿಯು ನಟ್ಟಿನ ಅಗಲವೇ. ನಮ್ಮ ದೇಶದಲ್ಲಿ 1956ರ ಕಾಯಿದೆಯು ಮೆಟ್ರಿಕ್ ಪದ್ಧತಿಯನ್ನು ತಂದಿತು. ಅಂಗುಲದ ಸಾಕೆಟ್ಟನ್ನು ಮಿಲಿಮೀಟರಿನ ನಟ್ಟಿಗೆ ‘ಸುಮಾರಾಗಿ ಕೂರುತ್ತದೆ’ ಎಂದು ಹಾಕಿದರೆ ನಟ್ಟಿನ ಮೂಲೆಗಳು ಸವೆದು ದುಂಡಗಾಗುವುವು. ಒಂದು ಎಚ್ಚರಿಕೆ: ಸಾಕೆಟ್ಟು ಕೂರುವ ಚೌಕ ಕೀಲು ಮೆಟ್ರಿಕ್ ಜೋಡಣೆಯಲ್ಲಿಯೂ ಅರ್ಧ ಅಂಗುಲದ್ದೇ ಇರಬಹುದು, ಅದರಿಂದ ಕಾಲವನ್ನು ಊಹಿಸಬಾರದು.

ಇಂಗ್ಲೆಂಡಿನ ಮುದ್ರೆಯನ್ನು ಕಂಡಾಗ ಸೇಲಂ ಸೀಮೆಯವರು ಜೆ. ಎಂ. ಹೀತನನ್ನು ನೆನೆಯಬೇಕು. ಈಸ್ಟ್ ಇಂಡಿಯ ಕಂಪನಿಯ ಚಾಕರಿಯನ್ನು ಬಿಟ್ಟ ಈತನು ಸೇಲಂ ಸೀಮೆಯ ಅದಿರನ್ನು ನಂಬಿ 1830ರ ಸುಮಾರಿಗೆ ಪೋರ್ಟೊನೋವೊದಲ್ಲಿ ಕಬ್ಬಿಣದ ಕಾರ್ಖಾನೆ ತೆರೆದನು. ಬಳಿಕ ಇಂಗ್ಲೆಂಡಿಗೆ ಮರಳಿ, ಮೂಸೆಯ ಉಕ್ಕಿಗೆ ಮ್ಯಾಂಗನೀಸ್ ಬೆರೆಸುವ ವಿಧಾನಕ್ಕೆ 1839ರಲ್ಲಿ ಪೇಟೆಂಟು ಪಡೆದನು. ಷೆಫೀಲ್ಡಿನ ಉಕ್ಕು ಅದರಿಂದ ಅಗ್ಗವಾಯಿತು. ಹೀತನಿಗೆ ಮಾತ್ರ ದಕ್ಕಿದ್ದು ವ್ಯಾಜ್ಯ, ಅದೂ ಅವನ ಜೀವಮಾನದಲ್ಲಿ ಮುಗಿಯಲಿಲ್ಲ. ರಾಬರ್ಟ್ಸನ ಕಥೆಗೂ ಇದಕ್ಕೂ ನೂರು ವರ್ಷಗಳ ಅಂತರವಿದ್ದರೂ ಹೆಚ್ಚು ಭೇದವಿಲ್ಲ.

ಇನ್ನು ದುರಸ್ತಿಯ ಮಾತು. ಕೊಳ್ಳುವ ಮೊದಲು ಸಾಕೆಟ್ಟನ್ನು ಬಿಗಿಯಾದ ನಟ್ಟಿಗೆ ತೊಡಿಸಿ ಮೆಲ್ಲಗೆ ಭಾರ ಹಾಕಬೇಕು. ಬರಿಗೈಯಲ್ಲಿ ತಿರುಗಿಸಿದಾಗ ಎಲ್ಲವೂ ಚೆನ್ನಾಗಿಯೇ ಕಟಕಟ ಎನ್ನುವುವು. ಜಾರಿದರೂ ಕೂಡಲೆ ಎಸೆಯಬೇಕಾಗಿಲ್ಲ. ಅನೇಕ ವೇಳೆ ದೋಷವಿರುವುದು ಗಟ್ಟಿಯಾದ ಹಳೆಯ ಗ್ರೀಸಿನಲ್ಲಿ; ನಾಲಗೆಯು ಅದರಲ್ಲಿ ಹೂತು ಹಲ್ಲಿಗೆ ತಲುಪುವುದಿಲ್ಲ. ಮುಚ್ಚಳದ ತಿರುಪನ್ನು ತೆಗೆದು, ಭಾಗಗಳು ಇದ್ದ ಕ್ರಮವನ್ನು ಕಾಗದದ ಮೇಲೆ ಬರೆದುಕೊಂಡು, ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾದ ಎಣ್ಣೆ ಹಾಕಿದರೆ ಸಾಕು. ಸ್ಪ್ರಿಂಗು ಮುರಿದಿದ್ದರೆ ಅದೇ ದಪ್ಪದ ಉಕ್ಕಿನ ತಂತಿಯಿಂದ ಸುತ್ತಬಹುದು. ಚಕ್ರದ ಹಲ್ಲೇ ಮುರಿದಿದ್ದರೆ ಅರದಿಂದ ಉಜ್ಜಿ ಸರಿಮಾಡುವ ಆಸೆ ಬೇಡ. ಅದು ಒಮ್ಮೆ ಹಿಡಿದು ಮರುಗಳಿಗೆ ಕೈಬಿಡುವುದು. ತುಕ್ಕು ತೆಗೆಯಲು ಗ್ರೈಂಡರು ಹಿಡಿಯುವುದಂತೂ ಶಾಸನದ ಕಲ್ಲಿನ ಮೇಲೆ ಕತ್ತಿ ಮಸೆದಂತೆ. ಮುದ್ರೆಯಿರುವ ಕಡೆ ಹಿತ್ತಾಳೆಯ ಬ್ರಷ್ಷೂ ಸೀಮೆಎಣ್ಣೆಯೂ ಸಾಕು, ಆಮೇಲೆ ಸೀಮೆಸುಣ್ಣದ ಪುಡಿ ಸವರಿದರೆ ಅಕ್ಷರಗಳು ಓದುವಂತಾಗುವುವು.