ಇಲಿಯ ತಲೆಗೆ ತಕ್ಕ ಸುರುಳಿ: ಕಾಂತಚೋದನೆಯ ಚರಿತ್ರೆಯಲ್ಲಿ ಒಂದು ವಿಚಾರ

ಕಾಂತಕ್ಷೇತ್ರದಿಂದ ಮಿದುಳನ್ನು ಚೋದಿಸುವ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ 1985ರ ಷೆಫೀಲ್ಡ್ ನಗರದಿಂದ ಆರಂಭಿಸುತ್ತಾರೆ. ಆ ವರ್ಷ ಆಂಥೊನಿ ಬಾರ್ಕರ್ ಮತ್ತು ಆತನ ಸಂಗಡಿಗರು ತಲೆಬುರುಡೆಯನ್ನು ತೆರೆಯದೆ, ಹೊರಗೆ ಹಿಡಿದ ತಂತಿಸುರುಳಿಯಿಂದಲೇ ಮನುಷ್ಯನ ಮಿದುಳನ್ನು ಚೋದಿಸಿ ಕೈಯ ಸ್ನಾಯುಗಳು ಮಿಡಿಯುವಂತೆ ಮಾಡಿದರು. ಇದು ಸರಿಯೇ. ಆದರೆ ನಮ್ಮ ಗಮನವನ್ನು ಸೆಳೆಯುವುದು ಬೇರೊಂದು ಸಂಗತಿ. ಹೊಸ ಚಿಕಿತ್ಸಾಸಾಧನವು ಮೊದಲು ಪ್ರಾಣಿಗಳ ಮೇಲೆ, ಅನಂತರ ಮನುಷ್ಯನ ಮೇಲೆ ಪ್ರಯೋಗವಾಗುವುದು ವಾಡಿಕೆ. ಇಲ್ಲಿ ಆ ಕ್ರಮ ತಲೆಕೆಳಗಾಗಿದೆ.

1896ರಲ್ಲಿ ಪ್ಯಾರಿಸಿನ ದಾರ್ಸೊನ್ವಾಲ್, ತಲೆ ಹಿಡಿಸುವಷ್ಟು ದೊಡ್ಡ ಸುರುಳಿಯಲ್ಲಿ 110 ವೋಲ್ಟು, 30 ಆಂಪಿಯರುಗಳ ಪರ್ಯಾಯ ವಿದ್ಯುತ್ತನ್ನು ಹರಿಸಿದಾಗ ಕಣ್ಣಮುಂದೆ ಮಿಣುಕುಬೆಳಕು ಕಾಣುವುದೆಂದು ವರದಿಮಾಡಿದನು. 1910ರಲ್ಲಿ ಲಂಡನ್ನಿನ ಸಿಲ್ವೇನಸ್ ಥಾಂಪ್ಸನ್ನನೂ ಅದನ್ನೇ ಕಂಡನು. ಆ ಬೆಳಕು ಹುಟ್ಟುವುದು ಮಿದುಳಿನಲ್ಲಲ್ಲ, ಅಕ್ಷಿಪಟದಲ್ಲಿ ಎಂಬುದು ಇಂದಿನವರ ಮತ. ಅದೇನೇ ಇರಲಿ, ಸುರುಳಿಯೊಳಗಿದ್ದ ತಲೆ ಮನುಷ್ಯನದೇ. 1959ರಲ್ಲಿ ಕೋಲಿನ್ ಕಪ್ಪೆಯನ್ನು ಬಳಸಿದನೆಂಬುದು ದಿಟ. ಆದರೆ ಅಲ್ಲಿ ಚೋದನೆಗೊಳಗಾದುದು ಕಾಲಿನ ನರ, ಮಿದುಳಲ್ಲ.

ಇಲಿಯ ಮಿದುಳಿಗೆ ಯಂತ್ರವನ್ನು ರಚಿಸುವುದು ಇಷ್ಟು ತಡವಾದುದೇಕೆ? ಕಾರಣ ಫ್ಯಾರಡೆ 1831ರಲ್ಲಿ ಕಂಡ ನಿಯಮದಲ್ಲಿಯೇ ಅಡಗಿದೆ. ಬದಲಾಗುವ ಕಾಂತಕ್ಷೇತ್ರವು ಅಂಗಾಂಶದಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಆ ವಿದ್ಯುತ್ತು ಸುತ್ತುವ ಬಳಸು ಕಿರಿದಾದಷ್ಟೂ ಪರಿಣಾಮ ಕುಗ್ಗುತ್ತದೆ. ದೊಡ್ಡಿಲಿಯ ಮಿದುಳು ಸುಮಾರು 2 ಗ್ರಾಂ, ಮನುಷ್ಯನದು 1,300 ಗ್ರಾಮಿಗೂ ಮಿಗಿಲು. ಸುರುಳಿಯನ್ನು ಚಿಕ್ಕದು ಮಾಡೋಣವೆಂದರೆ ಅದರ ಕ್ಷೇತ್ರ ಸ್ವಲ್ಪ ದೂರದಲ್ಲಿಯೇ ಕ್ಷೀಣಿಸುತ್ತದೆ. ಅದನ್ನು ಸರಿದೂಗಿಸಲು ಸಾವಿರಾರು ಆಂಪಿಯರು ಹರಿಸಿದರೆ ತೆಳುತಂತಿ ಕಾದು ಕೆಡುತ್ತದೆ. ಸುತ್ತುಗಳು ಒಂದನ್ನೊಂದು ಎಳೆದು ತಳ್ಳಿ ಸುರುಳಿಯೇ ಬಿರಿಯಬಹುದು.

ಆದುದರಿಂದ ಅನೇಕರು ಮನುಷ್ಯನಿಗಾಗಿ ಮಾಡಿದ ಸುರುಳಿಯನ್ನೇ ಇಲಿಯ ಮೇಲೆ ಹಿಡಿದರು. ಮನುಷ್ಯನಲ್ಲಿ ಮಿದುಳಿನ ಒಂದು ತುಣುಕನ್ನು ಮುಟ್ಟುವ ಆ ಸಾಧನ ಇಲಿಯಲ್ಲಿ ಇಡೀ ಮಿದುಳನ್ನೂ ಅದರೊಡನೆ ಕತ್ತಿನ ಸ್ನಾಯುಗಳನ್ನೂ ಆವರಿಸುತ್ತದೆ. ಮಿದುಳಿನ ಗಾತ್ರದ ಈ ತೊಡಕನ್ನು ವೈಸ್‌ಮನ್, ಎಪ್ಸ್ಟೀನ್, ಡೇವಿ ಇವರು 1992ರಲ್ಲಿಯೇ ಎತ್ತಿ ತೋರಿಸಿದ್ದರು. ಆ ಕಾಲದ ಪ್ರಾಣಿಪ್ರಯೋಗಗಳ ವರದಿಯನ್ನು ಆಕರವಾಗಿ ಬಳಸುವವರು ಫಲಿತಾಂಶಕ್ಕೆ ಮೊದಲು ಸುರುಳಿಯ ಅಡ್ಡಳತೆಯನ್ನು ನೋಡತಕ್ಕದ್ದೆಂದು ನಮ್ಮ ಅಭಿಪ್ರಾಯ. ಅದನ್ನು ಹೇಳದ ವರದಿಯಿಂದ ಮನುಷ್ಯರೋಗಿಯ ವಿಷಯದಲ್ಲಿ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

2016ರಲ್ಲಿ ಆಸ್ಟ್ರೇಲಿಯದ ಸಂಶೋಧಕರು 8 ಮಿಲಿಮೀಟರ್ ಅಡ್ಡಳತೆಯ ಸುರುಳಿಗಳನ್ನು ಇಲಿಗಾಗಿಯೇ ರಚಿಸಿ ಪರೀಕ್ಷಿಸಿದರು. ಗಾತ್ರ ಹೊಂದಿತು, ಬಲ ಮಾತ್ರ ಮನುಷ್ಯರ ಯಂತ್ರದ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯಿತು.