ಡಿಸ್ಲೆಕ್ಸಿಯ ಮತ್ತು ನೇತ್ರಾಭ್ಯಾಸ: ಒಂದು ಸಮೀಕ್ಷೆ

ಮುಂಬಯಿಯ ಪರೇಲಿನಲ್ಲಿರುವ ಕೆ.ಇ.ಎಂ. ಆಸ್ಪತ್ರೆಯ ಕಲಿಕಾ ನ್ಯೂನತೆಯ ಚಿಕಿತ್ಸಾಲಯಕ್ಕೆ, ಬುದ್ಧಿಯಲ್ಲಿ ಯಾವ ಕೊರತೆಯೂ ಕಾಣದಿದ್ದರೂ ಓದಲು ಕುಳಿತೊಡನೆ ಅಕ್ಷರಗಳಲ್ಲಿ ತೊಡರುವ, ಸಾಲುಗಳನ್ನು ತಪ್ಪಿಸುವ, ಓದಿದುದನ್ನೇ ಮರಳಿ ಓದುವ ಮಕ್ಕಳು ಬರುತ್ತಾರೆ. ಪುಟದ ಮೇಲೆ ಅಲೆದಾಡುವ ಅವರ ದೃಷ್ಟಿಯನ್ನು ಕಂಡ ತಂದೆತಾಯಿಗಳಿಗೆ ದೋಷವು ಕಣ್ಣಿನದೇ ಎಂದು ತೋರುವುದು ಸಹಜ. ಕಣ್ಣನ್ನು ಪಳಗಿಸಿದರೆ ಓದು ತಾನಾಗಿ ನೇರವಾಗುವುದೆಂಬ ಆಸೆಯೂ ಅಷ್ಟೇ ಸಹಜ. ಈ ಆಸೆಗೆ ಶತಮಾನಕ್ಕೂ ಮಿಕ್ಕ ಇತಿಹಾಸವುಂಟು.

ಓದುವಾಗ ಕಣ್ಣು ಸಾಲಿನುದ್ದಕ್ಕೂ ಸಮನಾಗಿ ಹರಿಯದೆ, ಕ್ಷಣಕಾಲ ನಿಂತು ಜಿಗಿದು ಮತ್ತೆ ನಿಲ್ಲುತ್ತದೆಂಬ ಸಂಗತಿಯು 1878-79ರಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲನ ಬರೆಹಗಳ ಮೂಲಕ ಪ್ರಸಿದ್ಧಿಗೆ ಬಂದಿತು. 1887ರಲ್ಲಿ ಓದಿನ ಕಷ್ಟಕ್ಕೆ ‘ಡಿಸ್ಲೆಕ್ಸಿಯ’ ಎಂಬ ಹೆಸರನ್ನಿತ್ತ ಜರ್ಮನಿಯ ರುಡಾಲ್ಫ್ ಬರ್ಲಿನ್ನನೂ, 1895ರಲ್ಲಿ ‘ಪದಾಂಧತೆ’ಯನ್ನು ಕುರಿತು ಬರೆದ ಗ್ಲಾಸ್ಗೋದ ಜೇಮ್ಸ್ ಹಿನ್ಷೆಲ್‌ವುಡ್ಡನೂ ನೇತ್ರವೈದ್ಯರೇ. ಆದರೆ ದೋಷದ ನೆಲೆಯು ಕಣ್ಣುಗುಡ್ಡೆಯಲ್ಲಿಲ್ಲ, ಮಿದುಳಿನಲ್ಲಿದೆ ಎಂದು ಸಾರಿದವರೂ ಇವರೇ ಎಂಬುದನ್ನು ಮುಂದಿನವರು ಅನೇಕವೇಳೆ ಮರೆತರು.

ದೃಷ್ಟಿಯ ನಡೆಯನ್ನು ಛಾಯಾಚಿತ್ರದಲ್ಲಿ ಹಿಡಿಯುವ ಯಂತ್ರಗಳು ಸಿದ್ಧವಾದ ಮೇಲೆ, ನುರಿತ ಓದುಗನ ಕಣ್ಣು ಒಂದೆಡೆ ಸೆಕೆಂಡಿನ ಸುಮಾರು ಕಾಲುಭಾಗ ಮಾತ್ರ ನಿಲ್ಲುವುದೆಂದೂ, ಓದಲಾರದ ಮಗುವಿನ ಕಣ್ಣು ಹೆಚ್ಚು ಹೊತ್ತು ನಿಂತು, ಗಿಡ್ಡ ಹೆಜ್ಜೆಯಿಟ್ಟು, ಪದೇ ಪದೇ ಹಿಂದಿರುಗುವುದೆಂದೂ ತಿಳಿದುಬಂದಿತು. ಹಾಗಾದರೆ ಆ ಹೆಜ್ಜೆಗಳನ್ನೇ ತಿದ್ದಬಾರದೇಕೆ? 1930ರ ದಶಕದ ಅಮೆರಿಕದಲ್ಲಿ ಪಾಠವನ್ನು ತುಂಡುತುಂಡಾಗಿ ತೋರಿಸಿ ದೃಷ್ಟಿಯನ್ನು ಎಡದಿಂದ ಬಲಕ್ಕೆ ನಡೆಸುವ ಮೆಟ್ರನೋಸ್ಕೋಪ್ ಎಂಬ ಯಂತ್ರವು ಬಳಕೆಗೆ ಬಂದುದು ಈ ತರ್ಕದಿಂದಲೇ. ಆದರೆ ಮೈಲ್ಸ್ ಟಿಂಕರ್ ಎಂಬ ಮನಶ್ಶಾಸ್ತ್ರಜ್ಞನು 1946ರಲ್ಲಿಯೂ 1958ರಲ್ಲಿಯೂ ಪ್ರಕಟಿಸಿದ ಸಮೀಕ್ಷೆಗಳಲ್ಲಿ, ನೇತ್ರಚಲನೆಯ ಅಸ್ತವ್ಯಸ್ತತೆಯು ಓದಿನ ಕಷ್ಟದ ಲಕ್ಷಣವೇ ಹೊರತು ಕಾರಣವಲ್ಲವೆಂಬ ನಿಲುವನ್ನು ತಳೆದನು. ನಾಡಿ ಹಿಡಿದು ಜ್ವರವನ್ನು ಅರಿಯಬಹುದು. ನಾಡಿಯನ್ನು ಅದುಮಿ ಜ್ವರವನ್ನು ಇಳಿಸಲಾಗದು.

1981ರಲ್ಲಿ ಜಾರ್ಜ್ ಪಾವ್ಲಿಡಿಸ್, ಅಕ್ಷರಗಳೇ ಇಲ್ಲದ ಬೆಳಕಿನ ಬಿಂದುಗಳನ್ನು ಅನುಸರಿಸುವಾಗಲೂ ಡಿಸ್ಲೆಕ್ಸಿಯದ ಮಕ್ಕಳ ಕಣ್ಣು ಎಡವುತ್ತದೆಂದು ವರದಿಮಾಡಿದಾಗ ಹಳೆಯ ಆಸೆ ಮತ್ತೆ ಚಿಗುರಿತು. ಆದರೆ 1983ರಲ್ಲಿಯೇ ಬೇರೆ ಬೇರೆ ಪ್ರಯೋಗಶಾಲೆಗಳು ಆ ಪರೀಕ್ಷೆಯನ್ನು ಪುನಃ ನಡೆಸಿ ಅದೇ ಫಲವನ್ನು ಕಾಣದೆ ಹೋದವು. ಇದಕ್ಕಿಂತ ಬೋಧಪ್ರದವಾದುದು ಮತ್ತೊಂದು ಸಂಗತಿ: ಡಿಸ್ಲೆಕ್ಸಿಯದ ಮಗುವಿಗೆ ಅದರ ಶಕ್ತಿಗೆ ಒಪ್ಪುವ ಸುಲಭವಾದ ಪಾಠವನ್ನು ಕೊಟ್ಟರೆ ಅದರ ಕಣ್ಣಿನ ನಡೆ ಬಹುಮಟ್ಟಿಗೆ ಸಹಜವಾಗುತ್ತದೆ, ಚೆನ್ನಾಗಿ ಓದಬಲ್ಲ ಮಗುವಿಗೆ ಮಿತಿಮೀರಿ ಕಠಿನವಾದುದನ್ನು ಕೊಟ್ಟರೆ ಅದರ ಕಣ್ಣೂ ತಡವರಿಸುತ್ತದೆ. ಇದೇ ಕಾಲದಲ್ಲಿ ಫ್ರ್ಯಾಂಕ್ ವೆಲ್ಲುಟಿನೊ 1979ರಲ್ಲಿಯೂ, ಬ್ರ್ಯಾಡ್ಲಿ ಮತ್ತು ಬ್ರಯಂಟ್ 1983ರಲ್ಲಿಯೂ ವಿದ್ವಜ್ಜನರ ಲಕ್ಷ್ಯವನ್ನು ದೃಷ್ಟಿಯಿಂದ ನುಡಿಯ ಕಡೆಗೆ, ಮಾತಿನಲ್ಲಿ ಅಡಗಿದ ಧ್ವನಿಗಳನ್ನು ಬಿಡಿಸಿ ಅರಿಯುವ ಶಕ್ತಿಯ ಕಡೆಗೆ ತಿರುಗಿಸಿದರು.

ವಾದವು ಅಲ್ಲಿಗೆ ಮುಗಿಯಲಿಲ್ಲ. ಎರಡು ಕಣ್ಣುಗಳ ಹೊಂದಾಣಿಕೆಯ ಅಸ್ಥಿರತೆಯು ಓದಿನ ಕಷ್ಟಕ್ಕೆ ಒಂದು ಕಾರಣವೆಂದು ಆಕ್ಸ್‌ಫರ್ಡಿನ ಜಾನ್ ಸ್ಟೈನ್ ದೀರ್ಘಕಾಲ ಪ್ರತಿಪಾದಿಸಿದರು. ಆದರೆ ಅಮೆರಿಕದ ಶಿಶುವೈದ್ಯರ ಮತ್ತು ನೇತ್ರವೈದ್ಯರ ಸಂಸ್ಥೆಗಳು 2009ರ ಜಂಟಿ ಹೇಳಿಕೆಯಲ್ಲಿ, ಕಣ್ಣಿನ ವ್ಯಾಯಾಮದಿಂದ ಡಿಸ್ಲೆಕ್ಸಿಯ ನೀಗುವುದೆಂಬುದಕ್ಕೆ ಶಾಸ್ತ್ರೀಯ ಆಧಾರವಿಲ್ಲವೆಂದು ಸ್ಪಷ್ಟಪಡಿಸಿದವು. ಹತ್ತಿರದ ವಸ್ತುವಿನ ಮೇಲೆ ಎರಡು ಕಣ್ಣುಗಳನ್ನೂ ಕೂಡಿಸಲಾರದ ಮಕ್ಕಳಿಗೆ 16 ವಾರ ಅಭ್ಯಾಸ ಕೊಟ್ಟ ದೊಡ್ಡ ಪ್ರಯೋಗವೊಂದರ ಫಲವು 2019ರಲ್ಲಿ ಪ್ರಕಟವಾಯಿತು: ಓದಿ ಗ್ರಹಿಸುವ ಶಕ್ತಿಯಲ್ಲಿ, ನಿಜವಾದ ಅಭ್ಯಾಸವು ತೋರಿಕೆಯ ಅಭ್ಯಾಸಕ್ಕಿಂತ ಮಿಗಿಲೆನಿಸಲಿಲ್ಲ.

ನಮ್ಮ ಲಿಪಿಯಾದರೋ ತನ್ನದೇ ಪ್ರಶ್ನೆಗಳನ್ನು ಒಡ್ಡುತ್ತದೆ. ಗುಣಿತಾಕ್ಷರಗಳು ಸೇರಿ ನಾನೂರನ್ನು ಮೀರುವ ಅಕ್ಷರರೂಪಗಳನ್ನು, ಮೇಲೆ ಒತ್ತಕ್ಷರಗಳನ್ನು, ಕನ್ನಡದ ಮಗು ಕಲಿಯಬೇಕು. ಈ ಕಲಿಕೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ಮುಂದುವರಿಯುವುದನ್ನು ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ತೋರಿಸಿಕೊಟ್ಟರು. ಅಕ್ಷರದ ಜಟಿಲತೆಗೂ ನೇತ್ರಚಲನೆಗೂ ಇರುವ ಸಂಬಂಧವನ್ನು ಮೈಸೂರಿನ ಪ್ರಕಾಶ್ ಪಡಕಣ್ಣಾಯ ಮತ್ತು ಸಂಗಡಿಗರು ಕನ್ನಡದ ಓದಿನಲ್ಲಿಯೇ ಪರಿಶೀಲಿಸಿದರು. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು ಡಿಸ್ಲೆಕ್ಸಿಯವನ್ನು ಗುರುತಿಸಲು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾವಳಿಯು ಹಿಂದಿ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡವನ್ನೂ ಒಳಗೊಂಡುದು, ಮನೆಯಲ್ಲೊಂದು ಶಾಲೆಯಲ್ಲೊಂದು ಭಾಷೆಯ ನಡುವೆ ಬೆಳೆಯುವ ಮುಂಬಯಿ ಕನ್ನಡಿಗರ ಮಕ್ಕಳಿಗೆ ವಿಶೇಷವಾಗಿ ಉಪಕಾರಕವಾದ ಸಂಗತಿ.

ಮುಂಬಯಿಯ ಕಲಿಕಾ ನ್ಯೂನತೆಯ ಚಿಕಿತ್ಸಾಲಯಗಳ ಕ್ರಮದಲ್ಲಿ ಕಣ್ಣಿಗೆ ಯೋಗ್ಯವಾದ ಸ್ಥಾನವೇ ದೊರೆತಿದೆ. ಮೊದಲು ದೃಷ್ಟಿಯನ್ನೂ ಶ್ರವಣವನ್ನೂ ಪರೀಕ್ಷಿಸಿ, ಅಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡು, ಅನಂತರ ಶಿಶುವೈದ್ಯರು, ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು ಕೂಡಿ ನಿರ್ಣಯಿಸುತ್ತಾರೆ. ಈ ಮಕ್ಕಳಿಗೆ ಪರೀಕ್ಷೆಯಲ್ಲಿ ಅಧಿಕ ಸಮಯವೇ ಮೊದಲಾದ ಸೌಲಭ್ಯಗಳನ್ನು ಮಹಾರಾಷ್ಟ್ರ ಸರಕಾರವು 1996ರಿಂದ ನೀಡುತ್ತ ಬಂದಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಈ ನ್ಯೂನತೆಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಮಾನ್ಯಮಾಡಿತು.

ಕನ್ನಡಕ ಬೇಕಾದ ಮಗುವಿಗೆ ಕನ್ನಡಕವನ್ನು ಕೊಡಿಸಲೇಬೇಕು, ಕಣ್ಣಿನ ಬಾಧೆಗೆ ಚಿಕಿತ್ಸೆಯನ್ನು ಮಾಡಿಸಲೇಬೇಕು. ಆದರೆ ಅಕ್ಷರಕ್ಕೂ ಧ್ವನಿಗೂ ಇರುವ ಸಂಬಂಧವನ್ನು ಕ್ರಮಬದ್ಧವಾಗಿ, ತಾಳ್ಮೆಯಿಂದ, ದಿನದಿನವೂ ಕಲಿಸಬೇಕಾದ ಅಮೂಲ್ಯ ವರ್ಷಗಳನ್ನು ನೇತ್ರಾಭ್ಯಾಸದಲ್ಲಿಯೇ ಕಳೆದರೆ, ಆ ನಷ್ಟವನ್ನು ಭರಿಸಬೇಕಾದುದು ಮಗು. ಓದು ಹಿಡಿತಕ್ಕೆ ಬಂದಂತೆ ಕಣ್ಣಿನ ನಡೆಯೂ ತಾನಾಗಿ ತಿದ್ದಿಕೊಳ್ಳುತ್ತದೆ. ಆದುದರಿಂದ ಹೆತ್ತವರ ಹಣವೂ ಶಿಕ್ಷಕರ ಶ್ರಮವೂ ಮೊದಲು ಸಲ್ಲಬೇಕಾದುದು ಓದಿನ ಶಿಕ್ಷಣಕ್ಕೇ.